ಈರುಳ್ಳಿ ಮನೆಗೆ ಕಪ್ಪೆ ಬ್ಯಾಂಡು

ಎಲ್ವಿರಾ ಹುಟ್ಟಿದ್ದು ಕಪ್ಪೆಗಳ ಮನೆಯಲ್ಲಿ, ಸೇರಿದ್ದು ಈರುಳ್ಳಿಗಳ ಮನೆಯನ್ನು. ಬೆನಿಮೊರಾದಲ್ಲಿ ಹೀಗೆಂದರೆ ಯಾರೂ ನಗುವುದಿಲ್ಲ. ವಲೆನ್ಸಿಯಾ ಪಟ್ಟಣಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಆ ಊರಿಗೆ ಚರ್ಚು ಒಂದೇ, ಬ್ಯಾಂಡು ಮಾತ್ರ ಎರಡು. ಕಾಲುವೆಯ ಪಕ್ಕದಲ್ಲಿ ಸಭಾಂಗಣ ಕಟ್ಟಿಕೊಂಡವರು ಕಪ್ಪೆಗಳು. ಮೇಲಿನ ಬೀದಿಯ ಈರುಳ್ಳಿ ಬೆಳೆಗಾರರು ಜಗಳವಾಡಿ ಹೊರಬಂದು ಕಟ್ಟಿದ್ದು ಈರುಳ್ಳಿ ಬ್ಯಾಂಡು. ಎರಡಕ್ಕೂ ಸಂತರ ಹೆಸರು ಸೇರಿಸಿದ ಉದ್ದುದ್ದದ ಹೆಸರುಗಳಿವೆ, ಬಾವುಟದ ಮೇಲೆ ಜರಿಯಲ್ಲಿ ಹೆಣೆಸಿದ್ದಾರೆ. ಜನರ ಬಾಯಲ್ಲಿ ಮಾತ್ರ ಅವು ಕಪ್ಪೆ ಮತ್ತು ಈರುಳ್ಳಿ.

ಹೆಣ್ಣು ಕೊಡುವಾಗ ತರುವಾಗ ಮೊದಲು ಕೇಳುತ್ತಿದ್ದುದೇ ಈ ಮಾತು. ಎಲ್ವಿರಾಳ ಮದುವೆಗೆ ಯಾವ ಬ್ಯಾಂಡು ಬರಬೇಕೆಂದು ಎರಡು ಕಡೆಯವರೂ ಪಟ್ಟು ಹಿಡಿದು, ಕೊನೆಗೆ ಯಾವುದೂ ಬರದೆ, ಪಾದ್ರಿಯ ತಂಗಿ ಹಾರ್ಮೋನಿಯಂ ಒತ್ತಿ ಮದುವೆ ಮುಗಿಸಿದ್ದಳು. ಅಂದಿನಿಂದ ಎಲ್ವಿರಾ ಈರುಳ್ಳಿಯಾದಳು. ಗಂಡ ಬತಿಸ್ತನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದಳು. ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ಊದುವ ಅವನ ಬೊಂಬಾರ್ದಿನೊದ ಹಿತ್ತಾಳೆ ಹೊಟ್ಟೆಯನ್ನು ಒರೆಸಿ ಹೊಳೆಯಿಸಿದಳು. ಬತಿಸ್ತನಿಗೆ ಉಸಿರು ಸಾಲದಾಗಿ ಡಾಕ್ಟರು ಊದುವುದನ್ನು ಬಿಡಿಸಿದ ಮೇಲೆ, ಅವನು ಬ್ಯಾಂಡಿನ ಮುಂದೆ ಬಾವುಟ ಹಿಡಿದು ನಡೆಯತೊಡಗಿದ. ಆಗ ಬಾವುಟದ ಕುಚ್ಚನ್ನೂ ಅವಳೇ ಒಗೆದಳು.

ಮೊಮ್ಮಗಳು ಮಿರೇಯಾ ಎಂಟನೆಯ ವಯಸ್ಸಿನಿಂದ ಈರುಳ್ಳಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದಳು. ಈಗ ಅವಳು ವಲೆನ್ಸಿಯಾದಲ್ಲಿ ಶಿಕ್ಷಕಿಯ ಓದಿನ ಕಡೆಯ ವರ್ಷದಲ್ಲಿದ್ದಳು. ಡಿಗ್ರಿಗೆ ಆರು ಕ್ರೆಡಿಟ್ ಕಡಿಮೆ ಬೀಳುತ್ತಿತ್ತು. ಉಳಿದಿದ್ದ ಒಂದೇ ಐಚ್ಛಿಕ ಪಾಠ ಅವಳು ಶಾಲೆಯಲ್ಲಿ ತರಬೇತಿಗೆ ಹೋಗುವ ಹೊತ್ತಿಗೇ ಇತ್ತು. ಬೇರೊಂದು ದಾರಿಯಿತ್ತು. ಊರಿನ ಬ್ಯಾಂಡಿನಲ್ಲಿ ಬಾರಿಸಿದರೆ, ಮಕ್ಕಳಿಗೆ ಸಂಬಳವಿಲ್ಲದೆ ಕಲಿಸಿದರೆ ವಿಶ್ವವಿದ್ಯಾಲಯ ಅದಕ್ಕೂ ಕ್ರೆಡಿಟ್ ಕೊಡುತ್ತಿತ್ತು. ಆದರೆ ಆ ಬ್ಯಾಂಡು ವಿಶ್ವವಿದ್ಯಾಲಯದ ಜೊತೆ ಒಪ್ಪಂದಕ್ಕೆ ಸಹಿ ಹಾಕಿರಬೇಕು, ತಾಲೀಮಿಗೆ ಬಂದವರ ಹಾಜರಿ ಹಾಕಬೇಕು. ಜೂನ್ ಒಳಗೆ ಡಿಗ್ರಿ ಕೈಗೆ ಬಾರದಿದ್ದರೆ ಸರಕಾರಿ ಶಿಕ್ಷಕರ ಪರೀಕ್ಷೆಗೆ ಕೂರುವಂತಿರಲಿಲ್ಲ. ಮುಂದಿನ ಪರೀಕ್ಷೆಗೆ ಎರಡು ವರ್ಷ ಕಾಯಬೇಕು.

"ಯಾಯಾ, ಶುಕ್ರವಾರದ ಸಭೇಲಿ ಒಪ್ಪಂದದ ವಿಷಯ ಎತ್ತಿಸ್ತಿದೀನಿ," ಎಂದಿದ್ದಳು ಮಿರೇಯಾ ಅಜ್ಜಿಗೆ. ಆ ಕಡೆ ಅಜ್ಜಿ ಯಾಯಾ, ತಾತ ಯಾಯೊ. "ನನ್ನ ಹೆಸರು ಹೇಳ್ಸಲ್ಲ. ಯಾಯೊಗೆ ಈಗಲೇ ಹೇಳ್ಬೇಡ. ಹೇಳಿದ್ರೆ ಮೊಮ್ಮಗಳಿಗೋಸ್ಕರ ಅಂತ ಎಲ್ಲರ ಕೈ ಹಿಡಿದು ಮೇಲೆತ್ತಿಸ್ತಾನೆ. ನನಗೆ ಹಾಗೆ ಬೇಡ."

"ಹೇಳೋದೇ ಒಳ್ಳೇದು ಕಣೇ," ಎಂದಳು ಎಲ್ವಿರಾ.

"ಪ್ಲೀಸ್, ಯಾಯಾ."

ಎಲ್ವಿರಾ ಒಪ್ಪಿದಳು. ಶುಕ್ರವಾರ ಸಭಾಂಗಣದ ನಾಲ್ಕನೆಯ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅಧ್ಯಕ್ಷರು, ಯುವಕರ ಕಡೆಯಿಂದ ಹೀಗೊಂದು ಸಲಹೆ ಬಂದಿದೆ ಎಂದು ಓದಿದರು. ಹಾಜರಿ ಎಂಬ ಮಾತು ಬಂದದ್ದೇ ತಡ, ಮೊದಲ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಬತಿಸ್ತ ಎದ್ದು ನಿಂತಿದ್ದ.

ಎಲ್ವಿರಾ ಕೈಚಾಚಿ ಅವನ ಕೋಟಿನ ತುದಿ ಹಿಡಿಯಲು ನೋಡಿದಳು. ನಡುವೆ ಎರಡು ಸಾಲಿತ್ತು.

"ಹಾಜರಿ!" ಎಂದ ಬತಿಸ್ತ. "ಈ ಮನೇಲಿ ಇಷ್ಟು ವರ್ಷದಲ್ಲಿ ಯಾರಾದ್ರೂ ಹಾಜರಿ ಹಾಕಿದ್ದುಂಟಾ? ನಮ್ಮಪ್ಪ ಜ್ವರದಲ್ಲಿ ಕಂಬಳಿ ಹೊದ್ದು ತಾಲೀಮಿಗೆ ಬರ್ತಿದ್ದ. ಯಾರಿಗೆ ಲೆಕ್ಕ ಕೊಡೋಕೆ? ಮೀನಿನ ಹಾಗೆ ಸಂಗೀತಾನ ತಕ್ಕಡಿಗೆ ಹಾಕೋಕಾಗುತ್ತಾ? ಊದಿದ್ದಕ್ಕೆ ಅಂಕ ಬೇಕು ಅನ್ನೋರು ಕಪ್ಪೆಗಳ ಹತ್ರ ಹೋಗ್ಲಿ! ಅವರು ಸಹಿ ಹಾಕೋಕೆ ತುದಿಗಾಲಲ್ಲಿ ನಿಂತಿರ್ತಾರೆ!"

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಕೈಗಳು ಮೇಲೆದ್ದವು. ಸಲಹೆ ಬಿದ್ದುಹೋಯಿತು, ಇನ್ನು ಸಭೆ ಸೇರುವುದು ಜನವರಿಯಲ್ಲೇ. ಹೊರಗೆ ಬರುವಾಗ ಬತಿಸ್ತನ ಮುಖ ಹಬ್ಬದ ದೀಪದಂತಿತ್ತು.

"ಹೇಗಿತ್ತು?" ಎಂದು ಹೆಂಡತಿಯನ್ನು ಕೇಳಿದ.

"ಗಂಟಲು ಚೆನ್ನಾಗಿತ್ತು," ಎಂದಳು ಎಲ್ವಿರಾ.

ಮರುದಿನ ರಾತ್ರಿಯ ಊಟಕ್ಕೆ ಆಲೂಗಡ್ಡೆ, ಹುರುಳಿಕಾಯಿ, ಈರುಳ್ಳಿ ಬೇಯಿಸಿ ಆಲಿವ್ ಎಣ್ಣೆ ಹಾಕಿದ್ದರು. ಮಗಳು ಇನ್ಮಾ, ಮಿರೇಯಾಳ ತಾಯಿ, ಕಿತ್ತಳೆ ಪ್ಯಾಕ್ ಮಾಡುವ ಗೋದಾಮಿನಿಂದ ಆಗಷ್ಟೇ ಬಂದು ಬೂಟು ಬಿಚ್ಚಿ ಕೂತಿದ್ದಳು. ಅಳಿಯ ಹೆನಾರೊ ಲಾರಿಯಲ್ಲಿ ಕಿತ್ತಳೆ ಹೇರಿಕೊಂಡು ಫ್ರಾನ್ಸಿಗೆ ಹೋಗಿ ಬಂದು, ಮೂರು ದಿನದ ಹಸಿವನ್ನು ಒಂದೇ ತಟ್ಟೆಗೆ ಬಡಿಸಿಕೊಳ್ಳುತ್ತಿದ್ದ.

"ನಿನ್ನೆ ಎಷ್ಟು ಚೆನ್ನಾಗಿ ಮಾತಾಡಿದ್ಯಂತೆ ಯಾಯೊ," ಎಂದಳು ಮಿರೇಯಾ. "ಅಂಕ ಬೇಕು ಅನ್ನೋರು ಕಪ್ಪೆಗಳ ಹತ್ರ ಹೋಗ್ಲಿ ಅಂದ್ಯಂತಲ್ಲ. ಇವತ್ತು ಬೆಳಗ್ಗೆ ಹೋಗ್ಬಂದೆ."

ಬತಿಸ್ತ ಚಮಚ ಬಾಯಿಯ ಹತ್ತಿರ ಹಿಡಿದವನು ಹಾಗೇ ಹಿಡಿದಿದ್ದ.

"ಎಲ್ಲಿಗೆ?"

"ಕಪ್ಪೆಗಳ ಹತ್ರ. ಅವರು ಹೋದ ವರ್ಷವೇ ಸಹಿ ಹಾಕಿದಾರೆ. ಸೋಮವಾರದಿಂದ ತಾಲೀಮು. ಶನಿವಾರ ಚಿಕ್ಕ ಮಕ್ಕಳಿಗೆ ಪಾಠ. ಆ ಸಲಹೆ ನಂದೇ ಆಗಿತ್ತು ಯಾಯೊ. ನನಗೆ ಆರು ಕ್ರೆಡಿಟ್ ಬೇಕು."

ಬತಿಸ್ತ ಮೊದಲು ಮೊಮ್ಮಗಳನ್ನು ನೋಡಿದ, ಆಮೇಲೆ ಮಗಳನ್ನು, ಕೊನೆಗೆ ಹೆಂಡತಿಯನ್ನು. "ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ನನ್ನನ್ನ ಎದ್ದು ನಿಲ್ಲೋಕೆ ಬಿಟ್ಟೆ."

"ನಾನು ಕೋಟು ಹಿಡ್ಕೊಳ್ಳೋಕೆ ನೋಡ್ದೆ, ಸಿಗ್ಲಿಲ್ಲ," ಎಂದಳು ಎಲ್ವಿರಾ. "ನಿನ್ನನ್ನ ಕೂರ್ಸೋಕೆ ಆ ದೇವರಿಂದ್ಲೂ ಆಗಲ್ಲ."

ಹೆನಾರೊ ಬೇರೆ ಸೀಮೆಯವನು, ಒಳನಾಡಿನ ಒಂದು ಹಳ್ಳಿಯವನು. ಬ್ಯಾಂಡಿನ ಕುಲಗೋತ್ರ ಯಾವುದೂ ಇಲ್ಲದವನು. "ನಮ್ಮೂರಲ್ಲಿ ಹಬ್ಬಕ್ಕೆ ಸ್ಪೀಕರ್ ಹಾಕ್ತಾರೆ. ಸ್ವಿಚ್ ಒತ್ತಿದ್ರೆ ಆಯ್ತು, ಜಗಳ ಇಲ್ಲ," ಎಂದ.

"ನೀನು ಬಾಯಿ ಮುಚ್ಕೊಂಡು ತಿನ್ನು," ಎಂದರು ಎಲ್ವಿರಾ, ಇನ್ಮಾ ಒಟ್ಟಿಗೆ.

"ನಾನು ಜೀವಮಾನವಿಡೀ ಊದಿದೆ," ಎಂದ ಬತಿಸ್ತ. "ಯಾರು ನನಗೆ ಕ್ರೆಡಿಟ್ ಕೊಟ್ರು?"

"ನಾನು ಜೀವಮಾನವಿಡೀ ನಿನ್ನ ಅಂಗಿ ಇಸ್ತ್ರಿ ಮಾಡ್ದೆ," ಎಂದಳು ಎಲ್ವಿರಾ. "ಕೊಡೋದೇ ಆದ್ರೆ ಆ ಸಾಲಲ್ಲಿ ನಾನು ನಿನಗಿಂತ ಮುಂದೆ ನಿಲ್ತೀನಿ. ತಿನ್ನು, ಆರಿಹೋಗುತ್ತೆ."

ಅವನು ತಟ್ಟೆ ಸರಿಸಿ ಎದ್ದುಹೋದ.

ಸಮವಸ್ತ್ರವೂ ಕ್ಲಾರಿನೆಟ್ಟೂ ಈರುಳ್ಳಿ ಸಂಘದ ಸ್ವತ್ತು. ಹೊರಹೋಗುವವರು ಹಿಂತಿರುಗಿಸಬೇಕು. ಮಿರೇಯಾ ಬೇಕರಿಯಲ್ಲಿ ಸಂಜೆ ಕೆಲಸಕ್ಕೆ ಹೋಗುವವಳು. ಇನ್ಮಾಗೆ ಗೋದಾಮಿನಲ್ಲಿ ಕಿತ್ತಳೆಯ ಸುಗ್ಗಿ ಶುರುವಾಗಿತ್ತು. ಬತಿಸ್ತನನ್ನು ಕೇಳುವಂತಿರಲಿಲ್ಲ. ಎಲ್ವಿರಾ ನೀಲಿ ಕೋಟನ್ನು ಒಗೆದು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಸಡಿಲವಾಗಿದ್ದ ಗುಂಡಿಯೊಂದನ್ನು ಹೊಲಿದು, ತೋಳಿನ ಮೇಲೆ ಹಾಕಿಕೊಂಡು, ಕ್ಲಾರಿನೆಟ್ಟಿನ ಪೆಟ್ಟಿಗೆ ಹಿಡಿದು ಮೇಲಿನ ಬೀದಿಯಲ್ಲಿ ನಡೆದಳು. ಬಾಗಿಲಬಾಗಿಲಲ್ಲೂ ಕುರ್ಚಿ ಹಾಕಿ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿದರು.

"ಏನೇ ಎಲ್ವಿರಾ, ಡ್ರೈಕ್ಲೀನಿಗಾ?" ಎಂದಳು ಒಬ್ಬಳು. ಅವಳಿಗೆ ಎಲ್ಲ ಗೊತ್ತಿತ್ತು.

"ಇಲ್ಲ ಕಣೇ, ವಾಪಸ್ ಕೊಡೋಕೆ. ಮಿರೇಯಾ ಕಾಲುವೆ ಕಡೆ ಹೋದ್ಲು."

"ರಕ್ತ ಎಳೀತು ಬಿಡು. ಅಜ್ಜಿಯ ತವರಲ್ವಾ!"

"ತವರು ಅಂತ ಹೋಗ್ಲಿಲ್ಲ, ಕ್ರೆಡಿಟ್ ಅಂತ ಹೋದ್ಲು," ಎಂದಳು ಎಲ್ವಿರಾ. "ಹೋದ್ಮೇಲೆ ತವರು ಅಂತ ಗೊತ್ತಾಗುತ್ತೆ."

ಹೇಳಿದ ಮಾತು ತನಗೇ ರುಚಿಸಿತು. ಬರುವಾಗ ಅದೇ ಬೀದಿಯಲ್ಲಿ, ಅಷ್ಟೇ ನಿಧಾನವಾಗಿ ಬಂದಳು.

ಬತಿಸ್ತನ ಕಷ್ಟ ಬೇರೆಯೇ ಇತ್ತು. ಬೆಳಗ್ಗೆ ಈರುಳ್ಳಿಗಳ ಸಭಾಂಗಣದ ಬಾರಿನಲ್ಲಿ ಗೆಳೆಯರ ಜೊತೆ ಕೂತು ಬ್ರೆಡ್ಡಿನೊಳಗೆ ಆಮ್ಲೆಟ್ ಇಟ್ಟು ತಿನ್ನುವುದು ಅವನ ಪಾಲಿನ ಪೂಜೆ. ಮನೆಯಲ್ಲಿ ಮುನಿಸಿಕೊಂಡು ಮಧ್ಯಾಹ್ನದ ಊಟವನ್ನೂ ಅಲ್ಲೇ ಮಾಡಲು ಹೊರಟ. ನಾಲ್ಕೇ ದಿನಕ್ಕೆ ಮನೆಯ ಊಟಕ್ಕೆ ಹಿಂತಿರುಗಿದ. ಯಾಕೆಂದು ಅವನು ಹೇಳಲಿಲ್ಲ. ಅವನ ಪ್ಯಾಂಟು ಒಗೆಯಲು ತೆಗೆದಾಗ ಜೇಬಿನಲ್ಲಿ ಹಸಿರು ಪ್ಲಾಸ್ಟಿಕ್ ಕಪ್ಪೆಯೊಂದು ಸಿಕ್ಕಿತು.

"ಇದೇನು?" ಎಂದಳು ಎಲ್ವಿರಾ.

"ನನ್ನ ನೀರಿನ ಲೋಟದಲ್ಲಿ ಹಾಕಿದ್ರು."

"ಯಾರು?"

"ಎಲ್ಲರೂ. ಒಬ್ಬ ಹಾಕ್ದ, ಎಲ್ಲರೂ ನಕ್ರು. 'ಬತಿಸ್ತ, ನೀನು ಹೋಗಿ ಅಂದೆ, ಹೋದ್ಲು. ನಿನ್ನ ಮಾತು ಕೇಳೋ ಮೊಮ್ಮಗಳು, ಪುಣ್ಯವಂತ ನೀನು' ಅಂತಾರೆ."

ಎಲ್ವಿರಾಳಿಗೆ ನಗು ತಡೆಯಲಾಗಲಿಲ್ಲ. ಬಕೆಟ್ಟಿನ ಕಡೆಗೆ ಮುಖ ತಿರುಗಿಸಿಕೊಂಡಳು. ಅವಳ ಹೆಗಲು ಕುಣಿಯುವುದು ಬತಿಸ್ತನಿಗೆ ಕಾಣುತ್ತಿತ್ತು.

"ನಗು, ನಗು. ನೀನೂ ಅವರ ಜೊತೆ ಹೋಗಿ ಕೂತ್ಕೋ."

ಭಾನುವಾರದ ಪಾಯೆಯ್ಯಾ ಮಾತ್ರ ನಿಲ್ಲಲಿಲ್ಲ. ಆ ಅನ್ನ ಮಾಡುವುದು ಬತಿಸ್ತನ ಹಕ್ಕು. ಹಿತ್ತಿಲಲ್ಲಿ ಕಿತ್ತಳೆ ಕಟ್ಟಿಗೆಯ ಬೆಂಕಿ ಮಾಡಿ, ಮೊಲದ ಮಾಂಸ ಹುರಿದು, ಅವರೆ, ಹುರುಳಿಕಾಯಿ ಹಾಕಿ, ಅಕ್ಕಿ ಸುರಿದು, ಯಾರೂ ಸೌಟು ಮುಟ್ಟದಂತೆ ಕಾವಲು ನಿಂತ. ಈ ಮನೆಯಲ್ಲಿ ತಟ್ಟೆಗೆ ಬಡಿಸುವ ಪದ್ಧತಿಯಿಲ್ಲ. ಅಗಲ ಬಾಣಲೆಯ ಸುತ್ತ ಕೂತು ಮರದ ಚಮಚದಲ್ಲಿ ಅವರವರ ಎದುರಿನ ಪಾಲನ್ನು ತಿನ್ನುತ್ತಾರೆ. ಬದುವಿನಂತೆ ನಡುವೆ ಸಣ್ಣ ಗೆರೆಯೊಂದು ತಾನಾಗಿ ಏಳುತ್ತದೆ. ಮೊಲದ ಪಿತ್ತಜನಕಾಂಗ ಯಾವಾಗಲೂ ಮಿರೇಯಾಳಿಗೆ. ಬತಿಸ್ತ ಅಭ್ಯಾಸಬಲದಿಂದ ಅದನ್ನು ಅವಳ ಬದುವಿನಾಚೆಗೆ ತಳ್ಳಿದ. ತಳ್ಳಿದ ಮೇಲೆ ತಾನು ಮುನಿಸಿಕೊಂಡದ್ದು ನೆನಪಾಗಿ ಚಮಚ ಚಾಚಿ ಹಿಂದಕ್ಕೆಳೆಯಲು ನೋಡಿದ. ಅಷ್ಟರಲ್ಲಿ ಅವಳು ಬಾಯಿಗೆ ಹಾಕಿಕೊಂಡಾಗಿತ್ತು.

"ಥ್ಯಾಂಕ್ಸ್ ಯಾಯೊ."

"ಅದು ಜಾರಿ ಬಂತು."

"ಪ್ರತಿ ಭಾನುವಾರವೂ ಜಾರುತ್ತೆ," ಎಂದ ಹೆನಾರೊ. "ನೆಲ ಇಳಿಜಾರು ಅನ್ಸುತ್ತೆ."

ಕಪ್ಪೆಗಳಲ್ಲಿ ಕ್ಲಾರಿನೆಟ್ ಊದುವವರು ಬೇಕಾದಷ್ಟು ಜನ ಇದ್ದರು. ಹಾಗಾಗಿ ಮಿರೇಯಾಳಿಗೆ ಬಾಸ್ ಕ್ಲಾರಿನೆಟ್ ಕೊಟ್ಟರು. ಉದ್ದ ಕೊಳವೆ, ತುದಿಯಲ್ಲಿ ತಂಬಿಗೆಯಂಥ ಬಾಯಿ, ದನಿ ನೆಲಮಾಳಿಗೆಯಿಂದ ಬಂದಂತೆ. ಅವಳು ಸಂತೋಷವಾಗಿದ್ದಳು. ಶನಿವಾರದ ಪಾಠ ಮುಗಿಸಿ ಬಂದು, ಒಬ್ಬ ಹುಡುಗಿ ಮುಂದಿನ ಹಲ್ಲು ಬಿದ್ದದ್ದರಿಂದ ಕೊಳಲು ಊದಲಾಗದೆ ಅತ್ತದ್ದು, ಇನ್ನೊಬ್ಬಳು ಅದಕ್ಕೆ ತನ್ನ ಹಲ್ಲು ಸಾಲ ಕೊಡುತ್ತೇನೆಂದದ್ದು, ಇವನ್ನೆಲ್ಲ ಅಡಿಗೆಮನೆಯಲ್ಲಿ ನಟಿಸಿ ತೋರಿಸುತ್ತಿದ್ದಳು. ಇನ್ಮಾ ನಗುತ್ತ ನಗುತ್ತ ಕಿತ್ತಳೆಯ ಮೇಣ ಹತ್ತಿದ ಬೆರಳುಗಳನ್ನು ನಿಂಬೆಹಣ್ಣಿನಿಂದ ಉಜ್ಜುತ್ತಿದ್ದಳು. ಬತಿಸ್ತ ಪಕ್ಕದ ಕೋಣೆಯಲ್ಲಿ ಟೀವಿಯ ದನಿ ತಗ್ಗಿಸುತ್ತಿದ್ದ.

ಒಂದು ಸಂಜೆ ಮಿರೇಯಾ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಒಂದೇ ಕಡೆ ನಾಲ್ಕು ಸಲ ಎಡವಿದಳು. ಎಲ್ವಿರಾ ಮೀನು ಹೆಚ್ಚುತ್ತ ಗಂಡನನ್ನು ಗಮನಿಸಿದಳು. ಅವನ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿತ್ತು. ಐದನೆಯ ಸಲಕ್ಕೆ ಅವನು ಎದ್ದು ಮೊಗಸಾಲೆಗೆ ಹೋದ.

"ಅಲ್ಲಿ ಉಸಿರು ತಗೋಬೇಡ!" ಎಂದು ಮುಚ್ಚಿದ ಬಾಗಿಲಿಗೆ ಕೂಗಿದ. "ಅದಕ್ಕೆ ಮುಂಚೆ ತಗೋ. ಬಾಸಿನವರು ನಡುವೆ ಉಸಿರು ಬಿಟ್ರೆ ಮೇಲಿನವರೆಲ್ಲ ಬಾವಿಗೆ ಬಿದ್ದಂಗೆ!"

ಬಾಗಿಲಾಚೆ ಹಾಳೆ ಮಗುಚಿದ ಸದ್ದು. ಆಮೇಲೆ ಆ ಸಾಲು ಎಡವದೆ ಬಂತು. ಬತಿಸ್ತ ಅಡಿಗೆಮನೆಗೆ ಬಂದು ನೀರು ಕುಡಿದ.

"ಕಪ್ಪೆಗಳಿಗೆ ಪಾಠ ಹೇಳ್ತಿದೀಯಾ?" ಎಂದಳು ಎಲ್ವಿರಾ.

"ನನ್ನ ಮನೇಲಿ ತಪ್ಪು ನುಡಿಸೋದು ಬೇಡ. ಹೊರಗೆ ಹೋಗಿ ಏನು ಬೇಕಾದ್ರೂ ಮಾಡ್ಕೊಳ್ಲಿ."

ಹೀಗೆ ಸಾಗುತ್ತಿತ್ತು. ಸಾಗುತ್ತಲೇ ಇರುತ್ತಿತ್ತೇನೋ, ಆದರೆ ನವೆಂಬರ್ ಬಂತು. ಸಂತ ಸೆಸೀಲಿಯಾ ಸಂಗೀತಗಾರರ ದೇವತೆ. ಅವಳ ಹಬ್ಬದ ಭಾನುವಾರ ಬ್ಯಾಂಡು ಊರೆಲ್ಲ ನಡೆದು, ಆ ವರ್ಷ ಹೊಸದಾಗಿ ಸೇರಿದವರನ್ನು ಅವರವರ ಮನೆಯ ಬಾಗಿಲಿನಿಂದಲೇ ಕರೆದುಕೊಂಡು ಹೋಗಬೇಕು. ಮನೆಯವರು ಬಾಗಿಲಲ್ಲಿ ಮೇಜು ಹಾಕಿ, ತಿಂಡಿ ಇಟ್ಟು, ಸಿಹಿ ದ್ರಾಕ್ಷಾರಸ ಕೊಟ್ಟು ತಮ್ಮ ಹುಡುಗನನ್ನೋ ಹುಡುಗಿಯನ್ನೋ ಒಪ್ಪಿಸಬೇಕು. ಹಾಗೆ ಒಪ್ಪಿಸಿಕೊಳ್ಳದೆ ಯಾರೂ ಬ್ಯಾಂಡಿನವರಾಗುವುದಿಲ್ಲ, ಹಬ್ಬದ ಸಂಗೀತ ಕಛೇರಿಯಲ್ಲಿ ಕೂರುವುದಿಲ್ಲ. ಮಿರೇಯಾಳ ಕ್ರೆಡಿಟ್ಟಿಗೆ ಆ ಕಛೇರಿಯೂ ಸೇರಿತ್ತು.

ಕಪ್ಪೆಗಳ ಅಧ್ಯಕ್ಷ ಸಾಲ್ವಾ ಎಲ್ವಿರಾಳ ಅಣ್ಣನ ಮಗ, ಮಾರುಕಟ್ಟೆಯಲ್ಲಿ ಮೀನಿನಂಗಡಿ ಇಟ್ಟವನು. ಎಲ್ವಿರಾ ವಾರಕ್ಕೆರಡು ಸಲ ಅವನಲ್ಲಿ ಮೀನು ಕೊಳ್ಳುತ್ತಾಳೆ. ಅವನು ಮಾತ್ರ ಅವಳ ಮನೆಯ ಹೊಸಿಲು ತುಳಿದವನಲ್ಲ.

"ಅತ್ತೆ," ಎಂದ ಸಾಲ್ವಾ, ಮೀನು ಶುಚಿ ಮಾಡುತ್ತ, ದನಿ ತಗ್ಗಿಸಿ. "ಭಾನುವಾರ ಮಿರೇಯಾನ ಕರ್ಕೊಳ್ಳೋಕೆ ಬರ್ಬೇಕು. ನಮ್ಮ ಬ್ಯಾಂಡು ಮೇಲಿನ ಬೀದಿಗೆ ಬಂದದ್ದು ನನಗಂತೂ ನೆನಪಿಲ್ಲ."

"ಬನ್ನಿ."

"ಮಾವ?"

"ಮಾವನ್ನ ನನಗೆ ಬಿಡು."

"ಬಾವುಟದ ಕೋಲು ತಗೊಂಡು ಹೊಡೆದ್ರೆ?"

"ಆ ಕೋಲು ಸಭಾಂಗಣದಲ್ಲಿರುತ್ತೆ, ಹೆದರ್ಬೇಡ. ಎಷ್ಟು ಜನ ಬರ್ತೀರಿ?"

"ಎಪ್ಪತ್ತು."

"ಅಬ್ಬಾ!" ಎಂದು ಎಲ್ವಿರಾ ಮನಸ್ಸಿನಲ್ಲೇ ಸಿಹಿಗೆಣಸು ತೂಗಿದಳು.

ಮನೆಯಲ್ಲಿ ಮಾತು ಹೊರಬಿದ್ದದ್ದು ಗುರುವಾರ ಊಟದ ಹೊತ್ತಿಗೆ.

"ನನ್ನ ಬಾಗಿಲಿಗೆ ಕಪ್ಪೆಗಳು ಬರಕೂಡದು," ಎಂದ ಬತಿಸ್ತ. ಕೂಗಲಿಲ್ಲ. ಅವನು ಕೂಗದಿದ್ದರೇ ಎಲ್ಲರಿಗೂ ಭಯ. "ಅವಳು ಅಲ್ಲಿ ಊದ್ಲಿ. ನಾನು ಏನೂ ಅಂದಿಲ್ಲ."

"ಏನೂ ಅಂದಿಲ್ವಾ?" ಎಂದಳು ಇನ್ಮಾ. "ಎರಡು ತಿಂಗಳಿಂದ ಈ ಮನೇಲಿ ನಾವು ಉಪ್ಪು ಕೇಳೋಕೂ ಯೋಚನೆ ಮಾಡ್ತಿದೀವಿ."

"ನಾನು ಬಸ್ ಸ್ಟಾಪಿನ ಹತ್ರ ನಿಂತಿರ್ತೀನಿ," ಎಂದಳು ಮಿರೇಯಾ. "ಅಲ್ಲಿಂದ ಕರ್ಕೊಳ್ಲಿ."

"ಬಸ್ ಸ್ಟಾಪಿಂದ! ಮನೆಮಠ ಇಲ್ದೋರ ಹಾಗೆ!" ಎಂದಳು ಇನ್ಮಾ.

"ಹಾಗಾದ್ರೆ ಬೇಡವೇ ಬೇಡ. ಬಿಟ್ಬಿಡ್ತೀನಿ." ಮಿರೇಯಾ ಚಮಚ ಕೆಳಗಿಟ್ಟಳು. "ಯಾಯೊ ಬಾರಿಗೆ ಹೋಗೋಕೂ ಆಗ್ತಿಲ್ಲ, ಮನೇಲಿರೋಕೂ ಆಗ್ತಿಲ್ಲ. ಎರಡು ವರ್ಷ ತಾನೇ. ಬೇಕರೀಲೇ ಇರ್ತೀನಿ."

ಇನ್ಮಾ ತನ್ನೆರಡು ಕೈಗಳನ್ನೂ ಮೇಜಿನ ಮೇಲೆ ಚಾಚಿದಳು. "ಈ ಬೆರಳು ನೋಡು. ನಿನ್ನ ಬೆರಳು ಹೀಗಾಗಬಾರದು ಅಂತ ನಾನು ಓಡಾಡ್ತಿರೋದು. ಎರಡು ವರ್ಷ ತಾನೇ, ಅಂತೆ! ಅಪ್ಪಾ, ಇನ್ನೇನಾದ್ರೂ ಹೇಳೋದಿದ್ರೆ ಈಗಲೇ ಹೇಳು."

ಬತಿಸ್ತ ಬ್ರೆಡ್ಡಿನ ಚೂರುಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಿದ್ದ. ಎಲ್ವಿರಾ ಎದ್ದು ಎಲ್ಲರ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು.

"ಮಿರೇಯಾ ಏನನ್ನೂ ಬಿಡಲ್ಲ, ಎಲ್ಲೂ ನಿಲ್ಲಲ್ಲ," ಎಂದಳು. "ಈ ಬಾಗಿಲಿಂದಾನೇ ಹೋಗ್ತಾಳೆ. ಬತಿಸ್ತ, ನನ್ನ ಮದುವೆ ದಿನ ನಿಮ್ಮೋರು ನಮ್ಮೋರು ಸೇರ್ಕೊಂಡು ನನ್ನ ಕಿವಿಗೆ ಒಂದು ಹನಿ ಬ್ಯಾಂಡಿನ ಸಂಗೀತ ಬೀಳದ ಹಾಗೆ ಮಾಡಿದ್ರಿ. ನಾನು ಏನೂ ಅನ್ಲಿಲ್ಲ. ಚಿಕ್ಕವಳು, ಹೆದರಿದ್ದೆ. ಈಗ ಚಿಕ್ಕವಳಲ್ಲ. ಭಾನುವಾರ ನೀನು ಹೇಗೂ ಬಾವುಟ ಹಿಡ್ಕೊಂಡು ನಿನ್ನ ಈರುಳ್ಳಿಗಳ ಜೊತೆ ಊರ ಆ ತುದೀಲಿರ್ತೀಯ. ನಿನ್ನ ಕಣ್ಣಿಗೂ ಬೀಳಲ್ಲ, ಕಿವಿಗೂ ಬೀಳಲ್ಲ. ಅವರು ಬರ್ತಾರೆ, ತಿಂತಾರೆ, ಹೋಗ್ತಾರೆ."

ಬತಿಸ್ತ ಆ ಗುಡ್ಡೆಯನ್ನು ಬೆರಳಿಂದ ಚಪ್ಪಟೆ ಮಾಡಿದ. "ಎಷ್ಟು ಗಂಟೆಗೆ?" ಎಂದ.

"ಹತ್ತೂವರೆಗೆ."

"ನಾವು ಹತ್ತಕ್ಕೆ ಹೊರಡ್ತೀವಿ."

"ಮತ್ತೇನು? ಎಲ್ಲ ಸರಿಹೋಯ್ತಲ್ಲ."

ಶುಕ್ರವಾರ, ಶನಿವಾರ ಮನೆತುಂಬ ಗೆಣಸಿನ ವಾಸನೆ. ಎಲ್ವಿರಾ ಸಿಹಿಗೆಣಸು ಬೇಯಿಸಿ, ಸಕ್ಕರೆ, ದಾಲ್ಚಿನ್ನಿ ಹಾಕಿ ಹೂರಣ ಕದಡಿದಳು. ಇನ್ಮಾ ಸೋಂಪಿನ ಮದ್ಯ ಬೆರೆಸಿದ ಹಿಟ್ಟನ್ನು ಲಟ್ಟಿಸಿದಳು. ಮಿರೇಯಾ ಅರ್ಧಚಂದ್ರದ ಕಡುಬು ಮಡಿಸಿ ಅಂಚು ಒತ್ತಿದಳು. ಹೆನಾರೊ ಬೇಕರಿಗೆ ತಟ್ಟೆ ಹೊತ್ತೊಯ್ದು ಸುಡಿಸಿಕೊಂಡು ಬಂದ. ಬರುವ ದಾರಿಯಲ್ಲಿ ಎಷ್ಟು ಕಡಿಮೆಯಾಯಿತೆಂದು ಯಾರೂ ಕೇಳಲಿಲ್ಲ. ಕಡಲೆಕಾಯಿ, ಆಲಿವ್, ಉಪ್ಪು ಬಾದಾಮಿ ಎಲ್ಲ ಬಂದವು. ಬತಿಸ್ತ ಅಡಿಗೆಮನೆಗೆ ಆಗಾಗ ನೀರು ಕುಡಿಯಲು ಬಂದು, ಪ್ರತಿ ಸಲವೂ ಒಂದು ಕಡುಬು ತಿಂದು ಹೋದ.

ಭಾನುವಾರ ಬೆಳಗ್ಗೆ ಅವನು ಸಮವಸ್ತ್ರ ತೊಟ್ಟು, ಟೊಪ್ಪಿ ಕೈಯಲ್ಲಿ ಹಿಡಿದು ಅಡಿಗೆಮನೆಯ ಕುರ್ಚಿಯಲ್ಲಿ ಕುಳಿತ. ಒಂಬತ್ತೂವರೆ ದಾಟಿತು.

"ಹೊರಡಲ್ವಾ?" ಎಂದಳು ಎಲ್ವಿರಾ.

"ಬೂಟು ಕಚ್ತಿದೆ."

"ಹತ್ತು ವರ್ಷದ ಬೂಟು."

"ಹಳೇ ಬೂಟೇ ಕಚ್ಚೋದು."

ಹತ್ತಕ್ಕೆ ದೂರದಲ್ಲಿ ಈರುಳ್ಳಿಗಳ ನಗಾರಿ ಕೇಳಿಸಿತು. ಅವರು ಹೊರಟುಬಿಟ್ಟಿದ್ದರು. ಬತಿಸ್ತ ಬೂಟು ಬಿಚ್ಚಿ ಮತ್ತೆ ಕಟ್ಟಿದ. ಎಲ್ವಿರಾ ಬೀದಿಬಾಗಿಲಿನ ಎರಡು ಕದಗಳನ್ನೂ ಪೂರಾ ತೆರೆದು, ಬಿಳಿ ಬಟ್ಟೆ ಹಾಸಿದ ಮೇಜು ಹೊರಗಿಟ್ಟಳು. ಎದುರು ಮನೆಗಳ ಬಾಲ್ಕನಿಗಳು ತುಂಬಿದ್ದವು. ಎಲ್ಲ ಈರುಳ್ಳಿಗಳೇ. ಮಿರೇಯಾ ಕಪ್ಪೆಗಳ ಹಸಿರು ಕೋಟು ತೊಟ್ಟು, ಬಾಸ್ ಕ್ಲಾರಿನೆಟ್ ಎದೆಗೊತ್ತಿಕೊಂಡು ಹೊಸಿಲ ಮೇಲೆ ನಿಂತಳು. ಬಣ್ಣ ಅವಳಿಗೆ ಒಪ್ಪುತ್ತಿತ್ತು. ಒಪ್ಪುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೆಳಗಿನ ಬೀದಿಯಿಂದ ಸಂಗೀತ ಏರಿಬಂತು. ತುತ್ತೂರಿ, ತಾಳ, ದೊಡ್ಡ ನಗಾರಿ. ಮೂಲೆಯವರೆಗೆ ಬಂದು ತಟ್ಟನೆ ನಿಂತಿತು. ಕಪ್ಪೆಗಳು ಮೇಲಿನ ಬೀದಿಗೆ ತಿರುಗಿದರು. ಎಪ್ಪತ್ತು ಜನ, ವಾದ್ಯಗಳನ್ನು ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸಿ. ಬೂಟುಗಳ ಸರಪರ ಸದ್ದು ಬಿಟ್ಟರೆ ಏನೂ ಇಲ್ಲ. ಮುಂದೆ ಸಾಲ್ವಾ, ಟೊಪ್ಪಿಯನ್ನು ಎದೆಗೆ ಹಿಡಿದು.

ಎಲ್ವಿರಾ ಮೇಜಿನ ಮೇಲಿದ್ದ ದ್ರಾಕ್ಷಾರಸದ ಹೂಜಿ ಎತ್ತಿಕೊಂಡಳು. ಸದ್ದಿಲ್ಲದ ಬ್ಯಾಂಡನ್ನು ಅವಳು ನೋಡಿದ್ದು ಶವದ ಹಿಂದೆ ಮಾತ್ರ. ಮಿರೇಯಾ ತುಟಿ ಕಚ್ಚಿಕೊಂಡಳು.

ಒಳಗಿನಿಂದ ಕುರ್ಚಿ ಸರಿದ ಸದ್ದು.

"ಯಾಕೆ ನಿಲ್ಸಿದ್ರು?" ಬತಿಸ್ತ ಮೊಗಸಾಲೆಯಲ್ಲಿದ್ದ. ನೀಲಿ ಕೋಟು, ಟೊಪ್ಪಿ, ಒಂದು ಕಾಲಿನ ಲೇಸು ಬಿಚ್ಚಿಕೊಂಡಿತ್ತು. "ಯಾಕೆ ಊದ್ತಿಲ್ಲ?"

ಯಾರೂ ಉತ್ತರ ಕೊಡುವ ಮೊದಲೇ ಅವನು ಮೊಮ್ಮಗಳನ್ನು ದಾಟಿ ಬೀದಿಗಿಳಿದಿದ್ದ. ಕಪ್ಪೆಗಳ ಮುಂದಿನ ಸಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

"ಸಾಲ್ವಾ! ಈ ಮನೇಲಿ ಯಾರಾದ್ರೂ ಸತ್ತಿದಾರಾ?"

"ಇಲ್ಲ ಮಾವ. ನಿಮಗೆ ನ... ನೋವಾಗಬಾರದು ಅಂತ... ಮರ್ಯಾದೆಗೆ..."

"ನನ್ನ ನೋವು ನನ್ನ ಪಾಡು! ನನ್ನ ಮೊಮ್ಮಗಳನ್ನ ಹೆಣ ಎತ್ತೋ ಹಾಗೆ ಎತ್ಕೊಂಡು ಹೋಗ್ತೀರಾ? ಎಂಟು ವರ್ಷದವಳಿದ್ದಾಗ ನಾವು ಬಂದು ಕರ್ಕೊಂಡ್ವಿ. ಈ ಕಿಟಕಿ ಗಾಜೆಲ್ಲ ನಡುಗ್ತಿತ್ತು, ಕೇಳು ಇವರನ್ನ!" ಬಾಲ್ಕನಿಗಳ ಕಡೆ ಕೈ ಬೀಸಿದ. "ಸಂಗೀತಗಾರಳನ್ನ ಕರೆಯೋಕೆ ಬಂದೋರು ಸಂಗೀತ ತರ್ಬೇಕು. ಕಪ್ಪೆಗಳಾದ್ರೇನಂತೆ, ಬ್ಯಾಂಡು ಹೌದೋ ಅಲ್ವೋ?"

"ಹೌದು ಮಾವ."

"ಹಾಗಾದ್ರೆ ಹಿಂದಕ್ಕೆ ಹೋಗಿ. ಮೂಲೆಗೆ. ಅಲ್ಲಿಂದ ಶುರು ಮಾಡಿ. ಪಾಸೊದೊಬ್ಲೆ ಮಾರ್ಚು, ಪೂರ್ತಿ, ಗಟ್ಟಿಯಾಗಿ!"

ಎಪ್ಪತ್ತು ಕಪ್ಪೆಗಳೂ ಹಿಂದಕ್ಕೆ ತಿರುಗಿದರು. ದೊಡ್ಡ ನಗಾರಿ ಹೊತ್ತವನು ತಿರುಗಲು ಜಾಗ ಸಾಲದೆ ಒಂದು ಹೂಕುಂಡ ಬೀಳಿಸಿದ. ಬಾಲ್ಕನಿಯೊಂದರಲ್ಲಿ ಯಾರೋ ಕಿಸಕ್ಕೆಂದರು. ಮೂಲೆಯವರೆಗೆ ಹೋಗಿ, ಸಾಲು ಸರಿಮಾಡಿಕೊಂಡು, ಅವರು ಊದಿದರು. ಆ ಇಕ್ಕಟ್ಟು ಬೀದಿಯಲ್ಲಿ ಸಂಗೀತ ಗೋಡೆಯಿಂದ ಗೋಡೆಗೆ ಬಡಿದು ಎರಡರಷ್ಟಾಯಿತು. ಕಿಟಕಿಯ ಗಾಜು ನಡುಗಿತು. ಮೇಜಿನ ಮೇಲೆ ಸಣ್ಣ ಗ್ಲಾಸುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಎಲ್ವಿರಾ ಎರಡು ಕೈಯಲ್ಲೂ ಹೂಜಿ ಹಿಡಿದು ನಿಂತಿದ್ದಳು. ಕಣ್ಣೊರೆಸಿಕೊಳ್ಳಲು ಮೂರನೆಯ ಕೈಯಿರಲಿಲ್ಲ. ಇರಲಿ ಎಂದು ಬಿಟ್ಟಳು.

ಬತಿಸ್ತ ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದ.

"ನಿಮ್ಮ ಬೊಂಬಾರ್ದಿನೊದವನು ಅರ್ಧ ಹೆಜ್ಜೆ ಹಿಂದಿದಾನೆ," ಎಂದ, ಮುಗಿದ ಮೇಲೆ. ಹೋಗಿ ಮೊದಲ ಗ್ಲಾಸನ್ನು ಅವನಿಗೇ ಕೊಟ್ಟ. ಆಮೇಲೆ ಮಿರೇಯಾಳ ತೋಳು ಹಿಡಿದು ಸಾಲ್ವಾನ ಎದುರು ತಂದು ನಿಲ್ಲಿಸಿದ. "ತಗೋ. ದಾನ ಅಲ್ಲ, ಸಾಲ ಕೊಡ್ತಿರೋದು. ಜೂನ್ ತನಕ."

"ಆಮೇಲೆ ಎಲ್ಲಿಗೆ ಅಂತ ನಾನು ಹೇಳ್ತೀನಿ ಯಾಯೊ," ಎಂದಳು ಮಿರೇಯಾ.

"ಅದನ್ನ ಆಮೇಲೆ ಜಗಳ ಆಡೋಣ. ಈಗ ಉಸಿರು ಎಲ್ಲಿ ತಗೋಬೇಕು ಅಂತ ನೆನಪಿದೆಯಾ?"

"ಇದೆ."

ಅವಳು ಅವನ ಎರಡು ಕೆನ್ನೆಗೂ ಮುತ್ತಿಟ್ಟು ಸಾಲಿನಲ್ಲಿ ಸೇರಿಕೊಂಡಳು. ಕಪ್ಪೆಗಳು ತಿಂದರು, ಕುಡಿದರು. ಎದುರು ಬಾಲ್ಕನಿಯ ಹೆಂಗಸು ತಾನೂ ಇಳಿದುಬಂದು, "ಗೆಣಸು ವ್ಯರ್ಥ ಆಗ್ಬಾರ್ದಲ್ಲ," ಎಂದು ಎರಡು ಕಡುಬು ತಿಂದಳು. ಸಾಲ್ವಾ ಮೊದಲ ಸಲ ಅತ್ತೆಯ ಹೊಸಿಲು ದಾಟಿ, ಬಚ್ಚಲುಮನೆ ಎಲ್ಲಿದೆ ಎಂದು ಕೇಳಿದ. ಹೋಗುವಾಗಲೂ ಬೀದಿಯುದ್ದಕ್ಕೂ ಊದುತ್ತಲೇ ಹೋದರು.

ಬತಿಸ್ತ ಲೇಸು ಕಟ್ಟಿಕೊಂಡು ತನ್ನವರನ್ನು ಹುಡುಕಿ ಹೊರಟ. ಅವನು ಬಂದದ್ದು ಸಂಜೆಗೆ, ಕೆನ್ನೆ ಕೆಂಪಾಗಿ. ಸುದ್ದಿ ಅವನಿಗಿಂತ ಮೊದಲೇ ಬಾರು ಸೇರಿತ್ತಂತೆ. ಕಪ್ಪೆಗಳನ್ನು ಮೂಲೆಯವರೆಗೆ ವಾಪಸ್ ನಡೆಸಿ ಮತ್ತೆ ಊದಿಸಿದವನು ಎಂದು ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.

"ಗೆದ್ದು ಬಂದೆ ಅಂದ್ಕೊಂಡಿದಾರೆ," ಎಂದ, ಟೊಪ್ಪಿ ತೆಗೆಯುತ್ತ. "ನಾನು ಬೇಡ ಅನ್ಲಿಲ್ಲ."

ಎಲ್ವಿರಾ ಪೊರಕೆ ಹಿಡಿದು ಬಾಗಿಲಿಗೆ ಬಂದಿದ್ದಳು. ಹೊಸಿಲಿಂದ ಬೀದಿಯ ನಡುವಿನವರೆಗೆ ಕಡಲೆಕಾಯಿ ಸಿಪ್ಪೆ, ಆಲಿವ್ ಬೀಜ, ಕಡುಬಿನ ಪುಡಿ, ಒಡೆದ ಹೂಕುಂಡದ ಮಣ್ಣು. ಮೇಲಿನ ಬೀದಿಯಲ್ಲಿ ಕತ್ತಲಾಗುವ ಮುಂಚೆ ಯಾವ ಮನೆಯ ಮುಂದೂ ಕಸ ಉಳಿಯುವುದಿಲ್ಲ, ಉಳಿದರೆ ಮಾತಾಗುತ್ತದೆ.

ಬತಿಸ್ತ ಹೊಸಿಲ ಮೇಲೆ ನಿಂತು ಅದನ್ನೆಲ್ಲ ಒಂದು ಸಲ ನೋಡಿದ. ಆಮೇಲೆ ಹೆಂಡತಿಯ ಕೈಯಿಂದ ಪೊರಕೆ ತೆಗೆದುಕೊಂಡು ಬಾಗಿಲ ಹಿಂದೆ ಒರಗಿಸಿದ.

"ಬಿಡು," ಎಂದ. "ನಾಳೆ ಗುಡಿಸಿದ್ರಾಯ್ತು. ಬೆಳಗ್ಗೆ ಎಲ್ಲರೂ ಒಂದ್ಸಲ ತುಳ್ಕೊಂಡು ಹೋಗ್ಲಿ."